ಮನೆವಾರ್ತೆ: ಮೊದಲು ಮಾಡು, ಕೊನೆಗೆ ಬಣ್ಣ

ಮಾರ್ಚ್ ತಿಂಗಳ ಕೊನೆಗೆ ಶಾಲೆಗಳ ವಾರ್ಷಿಕ ಪರೀಕ್ಷೆಗಳು ಮುಗಿಯುತ್ತಲೇ ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕ ಪರಿಸರದ ಬಾಡಿಗೆ ಮನೆಗಳಲ್ಲಿ ಸಾಮಾನು ಕಟ್ಟುವ ಕೆಲಸ ತೊಡಗುತ್ತದೆ. ವರ್ಗವಾದ ಅಧ್ಯಾಪಕರು, ಬ್ಯಾಂಕಿನ ನೌಕರರು, ಮಕ್ಕಳ ಓದಿಗೆಂದು ಶಾಲೆಯ ಸಮೀಪಕ್ಕೆ ಬಂದ ಕುಟುಂಬಗಳು ಮನೆ ಬದಲಿಸುವುದು ಬಹುಮಟ್ಟಿಗೆ ಈ ಎರಡು ತಿಂಗಳ ರಜೆಯಲ್ಲಿಯೇ. ಜೂನ್ ಒಂದರ ಆಸುಪಾಸಿಗೆ ಶಾಲೆಯ ಬಾಗಿಲು ತೆರೆಯುತ್ತದೆ. ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನವೂ ಅದೇ. ಹಳೆಯ ಬಾಡಿಗೆದಾರರು ಹೊರಟು ಹೊಸಬರು ಬರುವುದಕ್ಕೆ ಮುಂಚಿನ ಈ ಕೆಲವು ವಾರಗಳೇ ಮನೆಯೊಡೆಯರಿಗೆ ದುರಸ್ತಿಗೆ ದೊರೆಯುವ ಅವಕಾಶ. ಪತ್ತನಾಜೆಯೊಳಗೆ ಹೊರಗಿನ ಕೆಲಸ ಮುಗಿಯದಿದ್ದರೆ ಅದು ಮುಂದಿನ ದೀಪಾವಳಿಯವರೆಗೆ ಉಳಿಯಿತೆಂದೇ ಲೆಕ್ಕ.

ಈ ಊರುಗಳಲ್ಲಿ ಮನೆ ಬಾಡಿಗೆಗೆ ಕೊಡುವವರೆಲ್ಲರೂ ಧನಿಕರಲ್ಲ. ಹಿರಿಯರಿಂದ ಬಂದ ಮನೆಯ ಒಂದು ಪಾಲನ್ನೋ, ಗಲ್ಫಿನ ದುಡಿಮೆಯಲ್ಲಿ ಕಟ್ಟಿದ ಮನೆಯ ಮಹಡಿಯನ್ನೋ, ತೋಟದ ಬದಿಯ ಹಳೆಯ ಹಂಚಿನ ಮನೆಯನ್ನೋ ಬಾಡಿಗೆಗೆ ಕೊಟ್ಟು, ಬರುವ ಹಣದಿಂದ ಮಕ್ಕಳ ಶುಲ್ಕವನ್ನೂ ವೃದ್ಧರ ಔಷಧದ ಖರ್ಚನ್ನೂ ಸರಿದೂಗಿಸುವ ಕುಟುಂಬಗಳೇ ಹೆಚ್ಚು. ಅವರಲ್ಲಿ ದುರಸ್ತಿಗೆಂದು ಒದಗುವ ಹಣ ಮಿತವಾದುದು. ಮಿತವಾದ ಹಣವನ್ನು ಯಾವ ಕೆಲಸಕ್ಕೆ ಮೊದಲು ಹಾಕಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮನೆ ನೋಡಲು ಬರುವವರ ಕಣ್ಣಿಗೆ ಬೀಳುವುದು ನೆಲ, ಗೋಡೆಯ ಬಣ್ಣ, ಅಡುಗೆಮನೆಯ ಕಟ್ಟೆ. ಆದುದರಿಂದ ಒಡೆಯರು ಹಣವನ್ನೆಲ್ಲ ಅದಕ್ಕೇ ಸುರಿಯುತ್ತಾರೆ. ಮೇ ತಿಂಗಳಲ್ಲಿ ಮನೆ ಹೊಳೆಯುತ್ತದೆ. ಜುಲೈ ತಿಂಗಳಲ್ಲಿ ಹೊಸ ಬಣ್ಣದ ಮೇಲೆ ನೀರಿನ ಕಲೆ ಮೂಡುತ್ತದೆ, ಕಪಾಟಿನ ಹಿಂದೆ ಬೂಸು ಹತ್ತುತ್ತದೆ, ಸ್ವಿಚ್ಚು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಕಣ್ಣಿಗೆ ಕಾಣುವ ದುರಸ್ತಿ ಬಾಡಿಗೆದಾರನನ್ನು ಮನೆಯೊಳಗೆ ಕರೆತರಬಹುದು. ಅವನನ್ನು ಅಲ್ಲಿ ಉಳಿಸುವುದು ಕಣ್ಣಿಗೆ ಕಾಣದ ದುರಸ್ತಿ. ನೀರು, ವಿದ್ಯುತ್ತು, ಬಾವಿ ಮತ್ತು ಶೌಚಾಲಯ, ಆ ಬಳಿಕ ಅಂದ ಎಂಬ ಈ ಕ್ರಮವನ್ನು ತಪ್ಪಿಸಿದ ಖರ್ಚು ಎರಡೆರಡು ಬಾರಿ ಬೀಳುವ ಖರ್ಚು.

ನೀರಿಗೆ ಮೊದಲ ಸ್ಥಾನ ಏಕೆಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3,500 ಮಿಲಿಮೀಟರ್. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಹಾಗಾದರೆ 100 ಚದರ ಮೀಟರ್ ವಿಸ್ತಾರದ ಸಾಧಾರಣ ಮಾಡಿನ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಮೂರೂವರೆ ಲಕ್ಷ ಲೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಇಷ್ಟು ನೀರನ್ನು ಗೋಡೆಗೆ ತಾಗಗೊಡದೆ ದೂರ ಸಾಗಿಸುವುದೇ ಕರಾವಳಿಯ ಮನೆಯ ಮೊದಲ ಕೆಲಸ.

ಹಂಚಿನ ಮಾಡಿನ ದುರಸ್ತಿ ಸುಲಭವೆಂದು ತೋರಿದರೂ ಅದಕ್ಕೆ ಅದರದೇ ಆದ ವಿವೇಕ ಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಕರಾವಳಿಯುದ್ದಕ್ಕೂ ಹರಡಿದ ಈ ಹಂಚು, ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂತು ನೀರನ್ನು ಕೆಳಕ್ಕೆ ಇಳಿಸುವಂತೆ ರೂಪುಗೊಂಡದ್ದು. ಆ ಕಾಲುವೆಯಲ್ಲಿ ತರಗೆಲೆ, ಪಾಚಿ, ಧೂಳು ತುಂಬಿದರೆ ಹಂಚು ಒಡೆಯದಿದ್ದರೂ ನೀರು ಹಿಮ್ಮುಖವಾಗಿ ಏರಿ ಒಳಗೆ ಇಳಿಯುತ್ತದೆ. ಆದಕಾರಣ ಸೋರುತ್ತದೆ ಎಂದ ಕೂಡಲೇ ಹಂಚು ಬದಲಿಸಬೇಕಾಗಿಲ್ಲ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಕಡಿಸಿ, ಹಂಚು ಕೈಯಾಡಿಸಿ, ಕಾಲುವೆಗಳನ್ನು ಗುಡಿಸಿದರೆ ಅರ್ಧ ಸೋರಿಕೆ ನಿಲ್ಲುತ್ತದೆ. ಬೇರೆ ಬೇರೆ ಕಾರ್ಖಾನೆಗಳ ಅಚ್ಚು ಒಂದೇ ಅಲ್ಲ. ಹಳೆಯ ಹಂಚಿನ ನಡುವೆ ಸಿಕ್ಕಿದ ಹೊಸ ಹಂಚನ್ನು ತುರುಕಿದರೆ ಸಂದು ಕೂಡುವುದಿಲ್ಲ. ಚದರ ಮೀಟರೊಂದಕ್ಕೆ ಸುಮಾರು 15 ಹಂಚು ಬೇಕಾಗುತ್ತವೆ. ಎಲ್ಲಿಯಾದರೂ ಹಳೆಯ ಮನೆ ಕೆಡವುವಾಗ ಅದೇ ಅಚ್ಚಿನ ಐವತ್ತು, ನೂರು ಹಂಚನ್ನು ಕೊಂಡು ಹಿತ್ತಿಲ ಬದಿಯಲ್ಲಿ ಪೇರಿಸಿಡುವ ಒಡೆಯರು ಮಳೆಗಾಲದ ನಡುವೆ ಪರದಾಡುವುದಿಲ್ಲ.

ಹಂಚು ತೆಗೆದಾಗಲೇ ಪಕ್ಕಾಸು, ರೀಪುಗಳನ್ನು ನೋಡತಕ್ಕದ್ದು. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದರೆ ಮರ ಒಳಗೆ ಕುಸಿಯಿತೆಂದರೆ ಗೆದ್ದಲು ಅಥವಾ ಕೊಳೆತ ತನ್ನ ಕೆಲಸ ಮಾಡಿದೆ. ಪಕ್ಕಾಸು ಗೋಡೆಯ ಮೇಲೆ ಕೂರುವ ತುದಿ, ಎರಡು ಮಾಡುಗಳು ಕೂಡುವ ಮೂಲೆ, ಹೊಗೆ ಹೊರಹೋಗುವ ಜಾಗದ ಸುತ್ತ, ಈ ಮೂರು ಕಡೆ ಮರ ಬೇಗ ಕೆಡುತ್ತದೆ. ಕೆಟ್ಟ ಒಂದು ಪಕ್ಕಾಸನ್ನು ಈ ವರ್ಷ ಬದಲಿಸುವ ಖರ್ಚಿಗೂ ಅದು ಬಾಗಿ ಇಡೀ ಮಾಡು ಜಾರಿದ ಮೇಲೆ ಬೀಳುವ ಖರ್ಚಿಗೂ ಹೋಲಿಕೆಯೇ ಇಲ್ಲ. ಬಚ್ಚಲು ಅಥವಾ ಕೊಟ್ಟಿಗೆಯ ಮೇಲೆ ಹಳೆಯ ಆಸ್ಬೆಸ್ಟಾಸ್ ಶೀಟು ಇದ್ದರೆ ಅದನ್ನು ಒಡೆಯುವುದಾಗಲಿ ಕೊರೆಯುವುದಾಗಲಿ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ನೀರು ಚಿಮುಕಿಸಿ ಒದ್ದೆ ಮಾಡಿ, ಇಡಿಯಾಗಿಯೇ ಇಳಿಸಬೇಕು.

ಕಾಂಕ್ರೀಟು ತಾರಸಿಯ ಮನೆಗಳ ಸಂಕಟ ಬೇರೆ. ಮಳೆ ನಿಂತ ಒಂದು ತಾಸಿನ ಬಳಿಕವೂ ತಾರಸಿಯಲ್ಲಿ ನೀರು ನಿಂತಿದ್ದರೆ ಇಳಿಜಾರು ಸಾಲದು ಎಂದೇ ಅರ್ಥ. ನಿಂತ ನೀರು ಕೂದಲೆಳೆಯ ಬಿರುಕಿನಲ್ಲಿ ಇಳಿದು ಒಳಗಿನ ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಮೊದಲಿಗಿಂತ ದಪ್ಪವಾಗಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಚಾವಣಿಯಿಂದ ಸಿಮೆಂಟಿನ ಚಕ್ಕೆ ಉದುರಿ ಸರಳು ಕಂಡಿತೆಂದರೆ ಅದು ಬಣ್ಣ ಬಳಿಯುವವನ ಕೆಲಸವಲ್ಲ. ಸಡಿಲಾದ ಕಾಂಕ್ರೀಟನ್ನು ಬಿಡಿಸಿ, ತುಕ್ಕು ಉಜ್ಜಿ ತೆಗೆದು, ತಕ್ಕ ಮಿಶ್ರಣದಿಂದ ಮುಚ್ಚುವ ಕೆಲಸವನ್ನು ತಿಳಿದವರಿಂದ ಮಾಡಿಸಬೇಕು. ಸರಳು ಸವೆದು ತೆಳುವಾಗಿದ್ದರೆ ಎಂಜಿನಿಯರರಿಗೆ ತೋರಿಸದೆ ಮುಂದುವರಿಯಬಾರದು. ಅದರ ಮೇಲೆ ಪುಟ್ಟಿ ಬಳಿದು ಬಾಡಿಗೆಗೆ ಕೊಡುವುದೆಂದರೆ ಮಲಗಿದ ಮಗುವಿನ ತಲೆಯ ಮೇಲೆ ಕಲ್ಲು ತೂಗಹಾಕಿದಂತೆ.

ತಾರಸಿಯ ಮೇಲೆ ತಗಡಿನ ಶೀಟಿನ ಮಾಡು ಹಾಕಿಸುವ ರೂಢಿ ಈಗ ಎಲ್ಲೆಲ್ಲೂ ಕಾಣುತ್ತದೆ. ಬಾಡಿಗೆ ಮನೆಯ ಮಟ್ಟಿಗೆ ಇದು ವಿವೇಕದ ಖರ್ಚೇ. ಅದು ಸೋರಿಕೆಯನ್ನು ತಡೆಯುವುದರ ಜೊತೆಗೆ ಮಳೆಗಾಲದ ನಾಲ್ಕು ತಿಂಗಳು ಬಟ್ಟೆ ಒಣಗಿಸಲು ಜಾಗ ಕೊಡುತ್ತದೆ. ಶಾಲೆಗೆ ಹೋಗುವ ಎರಡು ಮಕ್ಕಳ ಸಮವಸ್ತ್ರ ಒಣಗುವುದಕ್ಕೆ ಸ್ಥಳವಿದೆಯೇ ಎಂದು ಮೊದಲು ಕೇಳುವ ತಾಯಂದಿರಿಗೆ ಹೊಳೆಯುವ ನೆಲಕ್ಕಿಂತ ಆ ಮಾಡು ದೊಡ್ಡದು. ಆದರೆ ಕಂಬಗಳನ್ನು ತಾರಸಿಗೆ ಭದ್ರವಾಗಿ ಬಿಗಿದಿರಬೇಕು. ಗಾಳಿಗೆ ಹಾರಿದ ಶೀಟು ನೆರೆಮನೆಗೂ ಅಪಾಯ. ಅನುಮತಿಯ ವಿಷಯವನ್ನು ಪಂಚಾಯತು ಅಥವಾ ನಗರಸಭೆಯಲ್ಲಿ ಮುಂಚಿತವಾಗಿ ವಿಚಾರಿಸಿಯೇ ಕೆಲಸ ತೊಡಗುವುದು ಲೇಸು.

ಮಾಡಿನ ಬಳಿಕ ಗೋಡೆ. ಇಲ್ಲಿನ ಮನೆಗಳಲ್ಲಿ ಬಹುತೇಕ ಕೆಂಪುಕಲ್ಲಿನ ಗೋಡೆಗಳೇ. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಮಲಬಾರಿನ ಅಂಗಡಿಪ್ಪುರದಲ್ಲಿ ಕಂಡ ಈ ಕಲ್ಲಿಗೆ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಇದರ ಗುಣ. ಸಮುದ್ರದ ಗಾಳಿಮಳೆಗೆ ಎದುರಾಗಿ ನಿಂತಿರುವ ಬೇಕಲದ ಕೋಟೆಯೂ ಇದೇ ಕಲ್ಲಿನದು. ಕಲ್ಲು ಬಾಳುತ್ತದೆ, ಆದರೆ ಅದರ ಮೈತುಂಬ ರಂಧ್ರಗಳಿರುವುದರಿಂದ ನೀರು ಕುಡಿಯುತ್ತದೆ. ಕುಡಿದ ನೀರು ಹೊರಗೆ ಹೋಗಲು ದಾರಿ ಇದ್ದರೆ ಬೇಸಿಗೆಯಲ್ಲಿ ಒಣಗುತ್ತದೆ. ಎರಡೂ ಬದಿಯಲ್ಲಿ ಬಿಗಿಯಾದ ಸಿಮೆಂಟಿನ ಸಾರಣೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಎಣ್ಣೆಬಣ್ಣ ಬಿದ್ದರೆ ಆ ನೀರಿಗೆ ದಾರಿಯಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಬಣ್ಣ ಹಪ್ಪಳದಂತೆ ಏಳುತ್ತದೆ.

ಆದುದರಿಂದ ಗೋಡೆಯ ತೇವಕ್ಕೆ ಮದ್ದು ಗೋಡೆಯ ಮೇಲಿಲ್ಲ, ಗೋಡೆಯ ಬುಡದಲ್ಲಿದೆ. ಮಾಡಿನ ನೀರು ದಂಬೆಯಲ್ಲಿ ಕೂಡಿ ದೂರ ಬೀಳುತ್ತದೆಯೇ, ಅಂಗಳದ ಇಳಿಜಾರು ಮನೆಯಿಂದ ಹೊರಗೆ ಇದೆಯೇ, ಹಿತ್ತಿಲಿನ ಮಣ್ಣು ಪಂಚಾಂಗದ ಮಟ್ಟವನ್ನು ಮೀರಿ ಗೋಡೆಗೆ ಒರಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಈ ಮೂರನ್ನು ಸರಿಪಡಿಸಲು ಬೇಕಾದುದು ಹೆಚ್ಚಾಗಿ ಹಾರೆ, ಗುದ್ದಲಿ ಮತ್ತು ಎರಡು ದಿನದ ಕೂಲಿ. ತೇವ ಎಲ್ಲಿಂದ ಬರುತ್ತದೆ ಎಂಬ ಸಂದೇಹವಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪಿನಿಂದ ಅಂಟಿಸಿ ಎರಡು ದಿನ ಬಿಟ್ಟರೆ, ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯಿಂದ. ಎರಡನೆಯದಕ್ಕೆ ಬೇಕಾದುದು ಸಾರಣೆಯಲ್ಲ, ಕಿಟಿಕಿ ಅಥವಾ ಗವಾಕ್ಷಿ. ಹಳೆಯ ಕೆಂಪುಕಲ್ಲಿನ ಗೋಡೆಗೆ ಸುಣ್ಣದ ಬಿಳುಪು ಇಂದಿಗೂ ಸಲ್ಲುವ ಲೇಪ. ಅಗ್ಗ, ಗೋಡೆಗೆ ಉಸಿರಾಡಲು ಎಡೆ ಕೊಡುತ್ತದೆ, ಬಾಡಿಗೆದಾರರು ಬದಲಾದಾಗಲೆಲ್ಲ ಮತ್ತೆ ಬಳಿಯಬಹುದು.

ಬಿರುಕುಗಳ ವಿಷಯದಲ್ಲಿ ಗಾಬರಿಯೂ ಬೇಡ, ಅಲಕ್ಷ್ಯವೂ ಬೇಡ. ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟರೆ ಒಂದು ಮಳೆಗಾಲದಲ್ಲಿ ಅದು ಮುಂದೆ ಸಾಗಿತೋ ಇಲ್ಲವೋ ತಿಳಿಯುತ್ತದೆ. ನಿಂತಲ್ಲೇ ನಿಂತ ಬಿರುಕನ್ನು ತುಂಬಿಸಬಹುದು. ಬೆಳೆಯುತ್ತಿರುವ ಬಿರುಕು, ಮೆಟ್ಟಿಲಿನಂತೆ ಓರೆಯಾಗಿ ಏರುವ ಬಿರುಕು, ಬೆರಳು ಹಿಡಿಸುವ ಬಿರುಕು ಇದ್ದರೆ ತಿಳಿದವರನ್ನು ಕರೆಸಬೇಕು. ಎರಡು ಸಣ್ಣ ಕೋಣೆಗಳನ್ನು ಒಂದು ಮಾಡುವ ಆಸೆಯಿಂದ ನಡುಗೋಡೆಯನ್ನು ತೆಗೆಸುವವರು ಆ ಗೋಡೆಯ ಮೇಲೆ ಮಾಡಿನ ಭಾರ ಕೂತಿದೆಯೇ ಎಂದು ನೋಡದೆ ಒಂದು ಕಲ್ಲನ್ನೂ ಮುಟ್ಟಿಸಬಾರದು.

ನೀರಿನ ಬಳಿಕ ವಿದ್ಯುತ್ತು. ಅಪಾಯದ ದೃಷ್ಟಿಯಿಂದ ನೋಡಿದರೆ ಇದು ಮೊದಲನೆಯದೇ ಆಗಬೇಕಿತ್ತು. ಆದರೆ ಒದ್ದೆ ಗೋಡೆಯಲ್ಲಿ ಹೊಸ ತಂತಿ ಹೂಳಿಸುವುದರಿಂದ ಪ್ರಯೋಜನವಿಲ್ಲವಾದ ಕಾರಣ ಅದು ಎರಡನೆಯದಾಯಿತು. ಮೂವತ್ತು, ನಲವತ್ತು ವರ್ಷಗಳ ಹಿಂದೆ ನಾಲ್ಕು ದೀಪ, ಎರಡು ಫ್ಯಾನು, ಒಂದು ರೇಡಿಯೋಕ್ಕೆಂದು ಎಳೆದ ತಂತಿಗೆ ಇಂದು ಫ್ರಿಜ್ಜು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು, ಗೀಸರು ಎಲ್ಲವೂ ತಗಲಿಕೊಂಡಿವೆ. 2,000 ವ್ಯಾಟಿನ ಒಂದು ಗೀಸರೇ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ದೀಪಕ್ಕೆಂದು ಹಾಕಿದ ತೆಳು ತಂತಿ ಅದನ್ನು ಹೊರಲಾರದೆ ಬಿಸಿಯಾಗುತ್ತದೆ. ಗೀಸರು ಮತ್ತು ಪಂಪಿಗೆ ಪ್ರತ್ಯೇಕ ದಪ್ಪ ತಂತಿ, ಪ್ರತ್ಯೇಕ ಸ್ವಿಚ್ಚು ಇರತಕ್ಕದ್ದು.

ಎಲ್ಲಕ್ಕಿಂತ ಮಿಗಿಲಾಗಿ ಎರಡು ವಸ್ತುಗಳು ಇರಲೇಬೇಕು. ಒಂದು, ಸರಿಯಾದ ಅರ್ತಿಂಗು. ಇನ್ನೊಂದು, 30 ಮಿಲಿಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಹಳೆಯ ಫ್ಯೂಸು ಅಥವಾ ಸಾಮಾನ್ಯ ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನ ಮೈಯನ್ನು ಕಾಯುವುದು ಆರ್.ಸಿ.ಸಿ.ಬಿ. ಮನುಷ್ಯನ ಪ್ರಾಣ ಹೋಗಲು ಬೇಕಾದ ವಿದ್ಯುತ್ತು ಫ್ಯೂಸು ಹಾರಲು ಬೇಕಾದುದಕ್ಕಿಂತ ಎಷ್ಟೋ ಕಡಿಮೆ. ಒದ್ದೆ ಕಾಲಿನಲ್ಲಿ ಬಟ್ಟೆ ಒಗೆಯುವ ಯಂತ್ರವನ್ನು ಮುಟ್ಟುವ ಗೃಹಿಣಿಗೂ, ಮಳೆಯಲ್ಲಿ ನೆನೆದು ಬಂದು ಫ್ಯಾನಿನ ಸ್ವಿಚ್ಚಿಗೆ ಕೈಹಾಕುವ ವಿದ್ಯಾರ್ಥಿಗೂ ನಡುವೆ ನಿಲ್ಲುವ ಕಾವಲುಗಾರ ಇದೊಂದೇ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಲು ಬಾಡಿಗೆದಾರರಿಗೆ ಹೇಳಿಕೊಡಬೇಕು. ಪದೇ ಪದೇ ಬೀಳುತ್ತದೆ ಎಂದು ಅದನ್ನು ತಪ್ಪಿಸಿ ನೇರ ತಂತಿ ಕೊಡಿಸುವವರಿದ್ದಾರೆ. ಅದು ಬೀಳುತ್ತಿದೆ ಎಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಹುಡುಕಬೇಕಾದುದು ಆ ಸೋರಿಕೆಯನ್ನು. ಈ ಕೆಲಸವನ್ನು ಪರವಾನಗಿಯಿರುವ ವಯರ್‌ಮನ್ನನಿಂದಲೇ ಮಾಡಿಸಬೇಕು.

ಮೂರನೆಯದು ಬಾವಿ ಮತ್ತು ಶೌಚಾಲಯ. ಒಂದೇ ಕುಟುಂಬಕ್ಕೆಂದು ತೋಡಿದ ಶೌಚದ ಗುಂಡಿ, ಮಹಡಿಯನ್ನೂ ಹಿಂಬದಿಯ ಕೋಣೆಯನ್ನೂ ಬಾಡಿಗೆಗೆ ಕೊಟ್ಟ ಮೇಲೆ ಮೂರು ಕುಟುಂಬಗಳ ಭಾರವನ್ನು ಹೊರುತ್ತದೆ. ಕೇರಳದ ಕಟ್ಟಡ ನಿಯಮಗಳು ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ನಡುವೆ ಕನಿಷ್ಠ ಏಳೂವರೆ ಮೀಟರ್ ಅಂತರವನ್ನು ವಿಧಿಸಿವೆ. ಹಳೆಯ ಹಿತ್ತಿಲುಗಳಲ್ಲಿ ಈ ಅಂತರ ಇಲ್ಲದಿರುವುದು ಅಪರೂಪವಲ್ಲ. ಕೆಂಪುಕಲ್ಲಿನ ನೆಲದ ರಂಧ್ರಗಳಲ್ಲಿ ಕೊಳಕು ನೀರು ಸಲೀಸಾಗಿ ಸಾಗುತ್ತದೆ. ಹೊಸ ಅಡುಗೆಕಟ್ಟೆಗೆ ಹಣ ಹಾಕುವ ಮುನ್ನ ಟೇಪು ಹಿಡಿದು ಈ ದೂರವನ್ನು ಅಳೆಯುವುದು, ಬಾವಿಯ ನೀರನ್ನು ಪರೀಕ್ಷೆಗೆ ಕೊಡುವುದು, ಬಾವಿಯ ಕಟ್ಟೆ ಎತ್ತರಿಸಿ ಬಲೆ ಹಾಕಿಸುವುದು ಒಡೆಯನ ಹೊಣೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಾವಿಯ ಬಲೆಗೆ ಬೆಲೆ ಕಟ್ಟಲಾಗದು.

ಇಷ್ಟೂ ಆದ ಮೇಲೆ ಅಂದದ ಮಾತು. ಹೊಸ ನೆಲದಿಂದ ಬಾಡಿಗೆ ಹೆಚ್ಚುತ್ತದೆ ಎಂಬುದು ಸುಳ್ಳಲ್ಲ. ಎಷ್ಟು ಹೆಚ್ಚುತ್ತದೆ ಎಂಬುದೇ ಮುಖ್ಯ. ತಿಂಗಳಿಗೆ 6,000 ರೂಪಾಯಿ ಬಾಡಿಗೆ ಬರುವ ಮನೆಯೊಂದಿದೆ ಎಂದಿಟ್ಟುಕೊಂಡರೆ, 80,000 ರೂಪಾಯಿ ಹಾಕಿ ನೆಲಕ್ಕೆ ಟೈಲ್ಸು ಹಾಸಿದ್ದರಿಂದ ಬಾಡಿಗೆ 500 ರೂಪಾಯಿ ಏರಿದರೆ, ಹಾಕಿದ ಹಣ ಮರಳಿ ಬರಲು 160 ತಿಂಗಳು, ಅಂದರೆ ಹದಿಮೂರು ವರ್ಷಕ್ಕೂ ಮೇಲೆ ಬೇಕು. ಇನ್ನೊಂದು ಬದಿಯನ್ನು ನೋಡಿದರೆ, ಅದೇ ಮನೆ ಸೋರುತ್ತದೆಂದು ಆಗಸ್ಟ್ ಕೊನೆಗೆ ಕುಟುಂಬ ಬಿಟ್ಟು ಹೋಯಿತು. ಶಾಲೆಯ ಸುತ್ತಿನ ಮನೆಗಳಿಗೆ ಬಾಡಿಗೆದಾರರು ಬರುವುದು ರಜೆಯ ಕಾಲದಲ್ಲಿ. ಮುಂದಿನ ಮೇ ಕೊನೆಯವರೆಗೆ ಒಂಬತ್ತು ತಿಂಗಳು ಮನೆ ಖಾಲಿ ಬಿದ್ದರೆ ನಷ್ಟ 54,000 ರೂಪಾಯಿ. ಹಂಚು ಕೈಯಾಡಿಸಿ ನಾಲ್ಕು ಪಕ್ಕಾಸು ಬದಲಿಸುವುದಕ್ಕೆ ಹಿಂಜರಿದವನು ತೆತ್ತ ದಂಡ ಇದು.

ಹಳೆಯ ಕಾವಿನೆಲ ಗಟ್ಟಿಯಾಗಿದ್ದರೆ ಅದನ್ನು ಅಗೆಸುವ ಅಗತ್ಯವೇ ಇಲ್ಲ. ಬಿರುಕು ತುಂಬಿಸಿ ಉಜ್ಜಿಸಿದರೆ ಮತ್ತೆ ಮಿನುಗುತ್ತದೆ. ಹೊಸ ಹಾಸು ಬೇಕೇ ಬೇಕಾದಲ್ಲಿ ಬಚ್ಚಲು, ಜಗಲಿ, ಮೆಟ್ಟಿಲುಗಳಿಗೆ ಒರಟು ಮೈಯ ಟೈಲ್ಸನ್ನೇ ಆರಿಸಬೇಕು. ಮಳೆಗಾಲದ ಒದ್ದೆ ಕಾಲಿಗೆ ಕನ್ನಡಿಯಂತಹ ನೆಲ ಶತ್ರು. ಅಡುಗೆಮನೆಯಲ್ಲಿ ಕಟ್ಟೆಯ ಕಲ್ಲಿಗಿಂತ ಮೊದಲು ಹೊಗೆ ಹೋಗುವ ದಾರಿ, ನಲ್ಲಿಯ ಸೋರಿಕೆ, ಗ್ಯಾಸಿನ ಸಿಲಿಂಡರಿಗೆ ಗಾಳಿಯಾಡುವ ಜಾಗ ಇವುಗಳನ್ನು ನೋಡತಕ್ಕದ್ದು. ಬಣ್ಣ ಕೊನೆಯ ಕೆಲಸ. ಸಾರಣೆ ಚೆನ್ನಾಗಿ ಒಣಗಿದ ಮೇಲೆ, ತಿಳಿ ಬಣ್ಣ, ಮತ್ತೆ ಅದೇ ಬಣ್ಣ ದೊರೆಯುವಂತಹದು.

ಕೆಲಸ ಮಾಡಿಸುವ ಕ್ರಮದಲ್ಲಿಯೂ ಎಚ್ಚರ ಬೇಕು. ಮೇಸ್ತ್ರಿಯೊಡನೆ ಬಾಯಿಮಾತಿನ ಒಪ್ಪಂದ ಊರಿನ ರೂಢಿಯಾದರೂ, ಯಾವ ಕೋಣೆ, ಎಷ್ಟು ಅಳತೆ, ಯಾವ ಸಾಮಗ್ರಿ, ಯಾರು ತರುವುದು ಎಂಬ ನಾಲ್ಕು ಸಾಲು ಬರೆದಿಟ್ಟರೆ ಇಬ್ಬರಿಗೂ ಕ್ಷೇಮ. ಹಣವನ್ನು ಮೂರು ಕಂತು ಮಾಡಿ, ಕೊನೆಯ ಕಂತನ್ನು ಒಂದು ಒಳ್ಳೆಯ ಮಳೆ ಬಿದ್ದ ಬಳಿಕ ಕೊಡುವುದೆಂದು ಮೊದಲೇ ಮಾತಾಡಿಕೊಂಡರೆ ಸೋರಿಕೆಯ ಕೆಲಸ ತಾನಾಗಿ ಚೊಕ್ಕಟವಾಗುತ್ತದೆ. ಬಣ್ಣ, ಸಾರಣೆ, ಹಂಚಿನ ಸಣ್ಣಪುಟ್ಟ ದುರಸ್ತಿ ಮುಂತಾದವುಗಳಿಗೆ ಕಟ್ಟಡ ಅನುಮತಿ ಬೇಕಾಗಿಲ್ಲ. ಹೊಸ ಕೋಣೆ, ಹೊಸ ಮಹಡಿ, ಕಟ್ಟಡದ ರಚನೆಯನ್ನೇ ಬದಲಿಸುವ ಕೆಲಸಕ್ಕೆ ಬೇಕು. 1969ರ ಕೇರಳ ಅಧಿಕೃತ ಭಾಷಾ ಶಾಸನವು ಕನ್ನಡಿಗರು ಹೆಚ್ಚಾಗಿರುವ ಪ್ರದೇಶಗಳ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಉಳಿಸಿದೆ. ಅರ್ಥವಾಗದ ಕಾಗದಕ್ಕೆ ರುಜು ಹಾಕುವ ಮುನ್ನ ಅದನ್ನು ನೆನೆಯುವುದು ಒಳ್ಳೆಯದು.

ಬಾಡಿಗೆಯ ಕರಾರಿಗೂ ಇದೇ ಮಾತು ಸಲ್ಲುತ್ತದೆ. ಒಂದು ವರ್ಷವನ್ನು ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದುದರಿಂದ ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ಅವಧಿ ಎಷ್ಟೇ ಇರಲಿ, ಯಾವ ದುರಸ್ತಿ ಯಾರದು ಎಂಬುದು ಅದರಲ್ಲಿ ಬಿಡಿಸಿ ಬರೆದಿರಬೇಕು. ಮಾಡು, ಗೋಡೆ, ತಂತಿ, ಕೊಳವೆ, ಪಂಪು ಒಡೆಯನ ಪಾಲಿಗೆ. ಬಲ್ಬು, ನಲ್ಲಿಯ ವಾಶರು, ಮಕ್ಕಳ ಕೈಯಿಂದ ಒಡೆದ ಗಾಜು ಬಾಡಿಗೆದಾರನ ಪಾಲಿಗೆ ಎಂದು ಹಂಚಿಕೊಳ್ಳುವುದು ನ್ಯಾಯವಾದ ಕ್ರಮ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನಂತೆ, ತಾನು ಮಾಡಿಸಬೇಕಾದ ದುರಸ್ತಿಯನ್ನು ಒಡೆಯನು ತಿಳಿಸಿದ ಬಳಿಕವೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರನು ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಿಂದ ಕಳೆದುಕೊಳ್ಳಬಹುದು. ಬಾಡಿಗೆದಾರನೂ ವಾಡಿಕೆಯ ಸವೆತವನ್ನು ಬಿಟ್ಟು ಮನೆಯನ್ನು ಕೊಟ್ಟ ಸ್ಥಿತಿಯಲ್ಲಿಯೇ ಮರಳಿಸಬೇಕೆಂಬುದು ಅದೇ ಕಲಮಿನ ಮಾತು. 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯಿದೆ ಅನ್ವಯಿಸುವ ಪ್ರದೇಶಗಳಲ್ಲಿ, ತಕ್ಕ ಕಾರಣವಿಲ್ಲದೆ ನೀರು, ವಿದ್ಯುತ್ತು ಮೊದಲಾದ ಸೌಕರ್ಯಗಳನ್ನು ಕಡಿದುಹಾಕುವುದು ಒಡೆಯನಿಗೆ ಸಲ್ಲದು. ಮನೆಯ ಕೀಲಿಕೈ ಕೊಡುವ ದಿನ ಪ್ರತಿ ಕೋಣೆಯ ಚಿತ್ರ ತೆಗೆದು ಇಬ್ಬರ ಬಳಿಯೂ ಇರಿಸಿಕೊಂಡರೆ ಮುಂಗಡ ಮರಳಿಸುವ ದಿನ ಜಗಳವಿರುವುದಿಲ್ಲ.

ಆದಾಯ ತೆರಿಗೆ ಕಟ್ಟುವವರು ಇನ್ನೊಂದನ್ನು ತಿಳಿದಿರಬೇಕು. ಮನೆಬಾಡಿಗೆಯ ಆದಾಯದಲ್ಲಿ, ಒಡೆಯನು ಕಟ್ಟಿದ ಸ್ಥಳೀಯ ತೆರಿಗೆಯನ್ನು ಕಳೆದು ಉಳಿದುದರ ಶೇಕಡಾ 30 ಭಾಗವನ್ನು, ದುರಸ್ತಿಗೆ ನಿಜವಾಗಿ ಎಷ್ಟೇ ಖರ್ಚಾಗಿರಲಿ, ಬಿಟ್ಟುಕೊಡುವ ವ್ಯವಸ್ಥೆಯಿದೆ. ಸರಕಾರವೇ ದುರಸ್ತಿಗೆಂದು ಬಿಟ್ಟ ಈ ಪಾಲಿನಲ್ಲಿ ಸ್ವಲ್ಪವನ್ನಾದರೂ ಮನೆಗೆ ಮರಳಿಸುವುದು ನ್ಯಾಯ. ವರ್ಷದ ಹನ್ನೆರಡು ಬಾಡಿಗೆಗಳಲ್ಲಿ ಒಂದನ್ನು ಬೇರೆ ಖಾತೆಯಲ್ಲಿ ಇಟ್ಟರೆ, ಐದು ವರ್ಷಗಳಲ್ಲಿ ಮಾಡಿನ ಒಂದು ದೊಡ್ಡ ಕೆಲಸಕ್ಕೆ ಸಾಲ ಮಾಡಬೇಕಾದ ಪ್ರಸಂಗ ಬಹುಮಟ್ಟಿಗೆ ಒದಗುವುದಿಲ್ಲ.

ಬಾಡಿಗೆಯ ಮನೆಗೆ ಒಂದು ವಿಶೇಷವಾದ ತೊಡಕಿದೆ. ಸೋರುವ ಮಾಡಿನ ಕೆಳಗೆ ಮಲಗುವವನು ಒಡೆಯನಲ್ಲ. ದುರಸ್ತಿಗೆ ಹಣ ಕೊಡುವವನು ಅಲ್ಲಿ ಮಲಗುವವನಲ್ಲ. ಆದುದರಿಂದ ಮನೆಯ ಕಷ್ಟ ಒಡೆಯನ ಕಿವಿಗೆ ಬೀಳುವುದು ಬಾಡಿಗೆದಾರನ ಬಾಯಿಂದಲೇ. "ಅಣ್ಣಾ, ಪಡುವಣ ಕೋಣೆಯ ಮೂಲೆಯಲ್ಲಿ ನೀರು ಇಳಿಯುತ್ತದೆ" ಎಂದು ಜೂನ್ ತಿಂಗಳಲ್ಲಿ ಹೇಳುವ ಬಾಡಿಗೆದಾರ ದೂರು ಹೇಳುವವನಲ್ಲ, ಒಡೆಯನ ಆಸ್ತಿಯನ್ನು ಉಳಿಸಿಕೊಡುವವನು. ಹೇಳಿದರೆ ಬಾಡಿಗೆ ಏರಿಸಿಯಾರು, ಮನೆ ಬಿಡಿಸಿಯಾರು ಎಂಬ ಅಂಜಿಕೆ ಅವನಲ್ಲಿದ್ದರೆ ಮೂಲೆಯಲ್ಲಿ ಪಾತ್ರೆಯಿಟ್ಟು ಸುಮ್ಮನಾಗುತ್ತಾನೆ. ಪಾತ್ರೆ ತುಂಬುತ್ತಿರುವಾಗ ಮೇಲೆ ಪಕ್ಕಾಸು ಕೊಳೆಯುತ್ತಿರುತ್ತದೆ.

ಮಳೆ ಹಿಡಿದ ಮೊದಲ ವಾರದಲ್ಲಿ, ಮೋಡ ಕವಿದ ಒಂದು ಸಂಜೆ, ಒಡೆಯನು ಮುಂಚಿತವಾಗಿ ತಿಳಿಸಿ ಬಾಡಿಗೆದಾರರ ಮನೆಗೆ ಹೋಗಿ ಬರಬೇಕು. ಕೈಯಲ್ಲಿ ಒಂದು ಟಾರ್ಚು, ಒಂದು ಪೆನ್ಸಿಲು ಸಾಕು. ಮಾಡಿನ ಮೂಲೆ, ಕಿಟಿಕಿಯ ಮೇಲ್ಭಾಗ, ಗೋಡೆಯ ಬುಡ, ಮೀಟರಿನ ಹಲಗೆ, ಬಾವಿಯ ಕಟ್ಟೆ ಇವುಗಳನ್ನು ನೋಡಿ, ಮಕ್ಕಳು ಓದಲು ಕೂರುವ ಜಾಗ ಯಾವುದೆಂದು ಕೇಳಬೇಕು. ಆ ಜಾಗ ಒಣಗಿದ್ದು, ಅಲ್ಲಿಗೆ ಬೆಳಕು ಬೀಳುತ್ತಿದ್ದರೆ ಆ ವರ್ಷದ ದುರಸ್ತಿಯ ಹಣ ಸರಿಯಾದ ಕಡೆ ಸಂದಿದೆ.